ಅಂಗಡಿ ಇರಲಿ, ಬಾಟಲಿ ಬೇಡ

ಔರಾದದ ಬಸ್ ನಿಲ್ದಾಣದಿಂದ ಪೇಟೆಯ ಕಡೆಗೆ ನಡೆದರೆ, ದಾರಿ ಕಿರಿದಾಗುವಲ್ಲಿ ಅಪ್ಪನ ಕಿರಾಣಿ ಅಂಗಡಿ. ಜೋಳ, ತೊಗರಿಬೇಳೆ, ಬೆಲ್ಲ, ಚಹಾಪುಡಿ, ಸಾಬೂನು, ಹೀಗೆ ಎಲ್ಲ ಊರುಗಳ ಕಿರಾಣಿ ಅಂಗಡಿಗಳಲ್ಲಿ ಇರುವುದೇ ಅಲ್ಲೂ ಇತ್ತು. ಒಂದು ಸಾಮಾನು ಮಾತ್ರ ಹೆಚ್ಚು. ಅಂಗಡಿಯ ಮುಂದಿನ ಹಲಗೆಯ ಮೇಲೆ ನೀರಿನ ಬಾಟಲಿಗಳಲ್ಲಿ ತುಂಬಿಟ್ಟ ಪೆಟ್ರೋಲ್.

ಅದು ಶುರುವಾದದ್ದು ವ್ಯಾಪಾರದ ಆಸೆಯಿಂದಲ್ಲ. ನಮ್ಮ ಊರಿಗೆ ರೈಲಿಲ್ಲ. ಬಸ್ಸು ತಪ್ಪಿದರೆ ಮೋಟಾರ್ ಸೈಕಲ್ಲೇ ಗತಿ. ಒಂದು ಮಧ್ಯಾಹ್ನ ಗಡಿಯ ಕಡೆಯ ಹಳ್ಳಿಯವನೊಬ್ಬ ಬಸುರಿ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಬೀದರಿನ ದವಾಖಾನೆಗೆ ಹೊರಟಿದ್ದ. ನಮ್ಮ ಅಂಗಡಿಯ ಮುಂದೆ ಬಂದು ಅವನ ಗಾಡಿ ನಿಂತುಬಿಟ್ಟಿತು. ಪಂಪು ಇದ್ದದ್ದು ಊರು ದಾಟಿ ಆಚೆ. ಅಪ್ಪ ತನ್ನ ಗಾಡಿಗೆ ಪೈಪು ಹಾಕಿ, ಬಾಯಿಂದ ಎಳೆದು, ಒಂದು ಬಾಟಲಿಯಷ್ಟು ಪೆಟ್ರೋಲ್ ತೆಗೆದು ಅವನ ಗಾಡಿಗೆ ಸುರಿದ. ಆ ಹೆಂಗಸು ನೋವಿನಲ್ಲೂ ಕೈ ಮುಗಿದಳಂತೆ. ಮರುದಿನದಿಂದ ಅಪ್ಪ ಎರಡು ಬಾಟಲಿ ತುಂಬಿಸಿ ಇಡತೊಡಗಿದ. ನೋಡನೋಡುತ್ತ ಎರಡು ಹೋಗಿ ಹತ್ತಾದವು. "ಔರಾದದಾಗ ಗಾಡಿ ನಿಂತ್ರ ಆ ದುಕಾನಕ್ಕ ಹೋಗ್ರಿ" ಎಂದು ಸುತ್ತಲಿನ ಹಳ್ಳಿಗಳಲ್ಲೆಲ್ಲ ಮಾತಾಯಿತು.

ಅವ್ವನಿಗೆ ಆ ಬಾಟಲಿಗಳ ಮೇಲೆ ಮೊದಲ ದಿನದಿಂದಲೂ ಸಿಟ್ಟು. ಅಂಗಡಿಯ ಅರ್ಧ ಕೆಲಸ ಅವಳದೇ. ಬೇಳೆ ಆರಿಸುವುದು, ಪೊಟ್ಟಣ ಕಟ್ಟುವುದು, ಗಿರಾಕಿಗಳ ಮನೆಯ ಸುದ್ದಿ ಕೇಳುವುದು ಎಲ್ಲ ಅವಳು. "ಚಾ ಪುಡಿ ವಾಸನಿ ಹೊಡಿಲಕತ್ತದ. ಜನ ಚಾ ಕುಡಿಬೇಕೋ, ನಿಮ್ಮ ಪೆಟ್ರೋಲ್ ಕುಡಿಬೇಕೋ?" ಎಂದು ದಿನಕ್ಕೊಮ್ಮೆಯಾದರೂ ಕೇಳುತ್ತಿದ್ದಳು. ಅಪ್ಪ ನಗುತ್ತಿದ್ದ. ಅವನದು ಹಾಗೆಯೇ, ವಾದದಲ್ಲಿ ಸೋಲುವುದು ಖಚಿತವಾದಾಗ ನಗುತ್ತಾನೆ, ಆದರೆ ಮಾಡುವುದನ್ನು ಬಿಡುವುದಿಲ್ಲ.

ನಾನು ಭಾಲ್ಕಿಯ ಒಂದು ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಇರುವುದೂ ಅಲ್ಲಿಯೇ. ಶನಿವಾರ ಶಾಲೆ ಬಿಟ್ಟ ಮೇಲೆ ಬಸ್ಸು ಹತ್ತಿ ಔರಾದಕ್ಕೆ ಬಂದು, ಸೋಮವಾರ ಬೆಳಗಿನ ಬಸ್ಸಿಗೆ ಮರಳುವುದು ರೂಢಿ. ಅಂಥ ಒಂದು ಶನಿವಾರ, ಚಳಿ ಇನ್ನೂ ಇದ್ದ ದಿನಗಳಲ್ಲಿ, ನಾನು ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ಅಪ್ಪ ಒಂದು ಕಾಗದವನ್ನು ಕೈಗಿಟ್ಟ.

"ಓದು. ನೀ ಮಾಸ್ತರಣಿ ಇದ್ದೀ. ನನಗ ಬರೀ ಅಕ್ಷರ ತಿಳಿತಾವ, ಮಾತು ತಿಳಿವಲ್ದು."

ಪಟ್ಟಣದ ಕಚೇರಿಯಿಂದ ಬಂದ ನೋಟಿಸು ಅದು. ಊರಿನ ಯೋಜನಾ ನಕ್ಷೆಯ ಪ್ರಕಾರ ಪೇಟೆಯ ಭಾಗದಲ್ಲಿ ದಿನಸಿ ಅಂಗಡಿಗೆ ಅವಕಾಶವಿದೆ, ಇಂಧನ ಮಾರುವುದಕ್ಕೆ, ಕೂಡಿಡುವುದಕ್ಕೆ ಇಲ್ಲ. ಪೆಟ್ರೋಲ್ ಮಾರುವವರು ಪರವಾನಗಿ ಪಡೆದು, ಊರ ಹೊರಗಿನ ಗೊತ್ತುಮಾಡಿದ ವಲಯದಲ್ಲಿ ಮಾತ್ರ ಮಾರಬೇಕು ಎಂಬುದು ಅದರ ಸಾರಾಂಶ. ನಾನು ಸುಲಭದ ಮಾತಿನಲ್ಲಿ ಹೇಳಿದೆ. ಅಪ್ಪ ಒಂದೇ ಮಾತನ್ನು ಹಿಡಿದುಕೊಂಡ.

"ಊರ ಹೊರಗ ಅಂತ ಬರ್ದಾರೇನು?"

"ಹೌದಪ್ಪ. ಪೆಟ್ರೋಲ್ ಮಾರೋರಿಗಿ."

ಅವ್ವ ಬೇಳೆ ಆರಿಸುವುದನ್ನು ನಿಲ್ಲಿಸಿ ಅವನ ಮುಖ ನೋಡಿದಳು. ಆ ಮಾತು ಅವನಿಗೆ ಯಾಕೆ ಚುಚ್ಚಿತೆಂದು ನಮಗಿಬ್ಬರಿಗೂ ಗೊತ್ತಿತ್ತು. ನನ್ನ ಅಜ್ಜನ ಕಾಲದಲ್ಲಿ ನಮ್ಮವರ ಮನೆಗಳಿದ್ದದ್ದು ಊರ ಹೊರಗೆ. ಪೇಟೆಗೆ ಬಂದರೂ ಅಂಗಡಿಯ ಕಟ್ಟೆ ಹತ್ತುವಂತಿರಲಿಲ್ಲ; ಕೆಳಗೆ ನಿಂತು ಕೇಳಬೇಕು, ಮೇಲಿನಿಂದ ಹಾಕಿದ್ದನ್ನು ಸೆರಗಿನಲ್ಲೋ ಹೆಗಲ ಮೇಲಿನ ವಲ್ಲಿಯಲ್ಲೋ ಹಿಡಿದುಕೊಳ್ಳಬೇಕು. ಅಜ್ಜ ಬುದ್ಧನ ದಾರಿ ಹಿಡಿದ, ಮಗನನ್ನು ಶಾಲೆಗೆ ಕಳಿಸಿದ. ಆ ಮಗ ಮುಂದೆ ಅದೇ ಪೇಟೆಯ ನಡುವೆ ಅಂಗಡಿ ಹಾಕಿದ. ಬಾಗಿಲು ತೆರೆದ ಮೊದಲ ದಿನ ಅಜ್ಜನನ್ನು ಕರೆತಂದು ಕಟ್ಟೆಯ ಮೇಲೆ ಕುರ್ಚಿ ಹಾಕಿ ಕೂರಿಸಿದ್ದ. ಅಜ್ಜ ಸಂಜೆಯವರೆಗೂ ಎದ್ದಿರಲಿಲ್ಲವಂತೆ. ಊಟವನ್ನೂ ಅಲ್ಲಿಗೇ ತರಿಸಿಕೊಂಡನಂತೆ.

"ನಾ ಎಲ್ಲೂ ಹೋಗಲ್ಲ" ಎಂದ ಅಪ್ಪ, ನೋಟಿಸನ್ನು ಮಡಿಚುತ್ತ.

ಸೋಮವಾರ ನಾನು ರಜೆ ಹಾಕಿ ಅವನ ಜೊತೆ ಪಟ್ಟಣದ ಕಚೇರಿಗೆ ಹೋದೆ. ಅಲ್ಲಿ ನಮಗೆ ಸಿಕ್ಕವಳು ಒಬ್ಬ ಇಂಜಿನಿಯರ್. ನನಗಿಂತ ಚಿಕ್ಕವಳು, ಹೊಸದಾಗಿ ಬಂದವಳು, ಮಾತಿನಲ್ಲಿ ದಕ್ಷಿಣದ ಕಡೆಯ ರಾಗ. ಅಪ್ಪ ಕೂರಲೂ ಇಲ್ಲ.

"ಮೇಡಂ, ನಿಮ್ಮ ನಕ್ಷಾ ಬರೋಕಿಂತ ಮೊದ್ಲಿಂದ ನನ್ನ ದುಕಾನ್ ಅದರಿ. ನನಗ ಊರ ಹೊರಗ ಹೋಗು ಅಂದ್ರ ಹ್ಯಾಂಗ?"

ಆಕೆ ಗಾಬರಿಯಾದಳು. "ನಿಮ್ಮನ್ನು ಹೋಗಿ ಅಂತ ಯಾರು ಹೇಳಿದರು? ಅಂಗಡಿ ಇರಲಿ ಯಜಮಾನ್ರೇ. ಬಾಟಲಿ ಬೇಡ ಅಷ್ಟೇ. ಹತ್ತಿರದಲ್ಲೇ ಅಂಗನವಾಡಿ ಇದೆಯಲ್ಲ?"

"ಬಾಟ್ಲಿ ನಂದೇ ಅಲ್ಲೇನ್ರಿ? ಅದಕ್ಕ ಹೋಗು ಅಂದ್ರ ನನಗ ಹೋಗು ಅಂದಂಗೇ."

ಆಕೆ ಇನ್ನೂ ಏನೋ ಹೇಳಲು ಹೊರಟಿದ್ದಳು. ಅಪ್ಪ ನಮಸ್ಕಾರ ಹೇಳಿ ಹೊರಗೆ ಬಂದುಬಿಟ್ಟ. ನಾನು ಬಾಗಿಲಲ್ಲಿ ನಿಂತು ಆಕೆಯ ಕಡೆ ನೋಡಿ, ಕ್ಷಮಿಸಿ ಎನ್ನುವಂತೆ ತಲೆಯಾಡಿಸಿದೆ. ಆಕೆಯೂ ತಲೆಯಾಡಿಸಿದಳು.

ಮುಂದಿನ ವಾರ ಅಪ್ಪ ಬೀದರಿಗೆ ಹೊರಟ. ಜಿಲ್ಲೆಯ ಯೋಜನಾ ಕಚೇರಿಯಲ್ಲಿ ದೊಡ್ಡ ಸಾಹೇಬರಿರುತ್ತಾರೆ, ಅವರಿಗೆ ಹೇಳಿದರೆ ನಕ್ಷೆಯಲ್ಲಿ ಒಂದು ಚುಕ್ಕೆ ತಿದ್ದುತ್ತಾರೆ ಎಂದು ಯಾರೋ ಹೇಳಿದ್ದರು. ನಾನೂ ಜೊತೆಗಿದ್ದೆ. ಜನವಾಡದಲ್ಲಿ ಬಸ್ಸು ತುಂಬಿ, ಅಪ್ಪ ತನ್ನ ಸೀಟನ್ನು ಒಬ್ಬ ಮುದುಕಿಗೆ ಬಿಟ್ಟುಕೊಟ್ಟು, ಬೀದರಿನವರೆಗೂ ಕಂಬಿ ಹಿಡಿದು ನಿಂತು ತನ್ನ ಮಾತುಗಳನ್ನು ಮನಸ್ಸಿನಲ್ಲೇ ಉರುಹೊಡೆಯುತ್ತಿದ್ದ. ಅವನ ತುಟಿ ಅಲುಗುವುದು ನನಗೆ ಕಾಣುತ್ತಿತ್ತು.

ಕಚೇರಿಯ ಅಧಿಕಾರಿ ನಿವೃತ್ತಿಗೆ ಹತ್ತಿರವಾದವರು, ನಮ್ಮ ಕಡೆಯವರೇ. ಅಪ್ಪನ ಮಾತನ್ನು ಪೂರ್ತಿ ಕೇಳಿಸಿಕೊಂಡರು. ಬಸುರಿ ಹೆಂಗಸಿನ ಕಥೆಗೆ ಹೂಂಗುಟ್ಟಿದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು.

"ಅಂಗನವಾಡಿ ನಿಮ್ಮ ದುಕಾನಕ್ಕ ಎಷ್ಟು ದೂರ ಅದರಿ?"

ಬಸ್ಸಿನಲ್ಲಿ ನಾನು ಇದನ್ನೇ ಹೇಳಿದ್ದೆ: ಇದನ್ನು ಕೇಳಿದರೆ "ಸ್ವಲ್ಪ ದೂರ" ಅನ್ನು, ಸಾಕು. ಅಪ್ಪ ನನ್ನ ಮುಖ ನೋಡಿದ. ಆಮೇಲೆ ನೆಲ ನೋಡಿದ.

"ಹದಿನೆಂಟು ಹೆಜ್ಜಿ ರಿ. ನಿನ್ನಿ ಎಣಿಸೀನಿ."

ಅಧಿಕಾರಿ ನಕ್ಕುಬಿಟ್ಟರು. "ಮತ್ತ ನಾ ಏನ್ ಹೇಳ್ಲಿ? ನೀವೇ ಹೇಳಿದ್ರಲ್ಲ."

ಹೊರಗೆ ಬಂದು ನಾವು ಚುರುಮುರಿಯ ಸುಸಲಾ, ಮಿರ್ಚಿ ಭಜಿ ತಿಂದೆವು. ಅಪ್ಪನಿಗೆ ಬೀದರಿಗೆ ಬಂದರೆ ಸುಸಲಾ ಬೇಕೇಬೇಕು. ಅಂದು ಅರ್ಧ ತಟ್ಟೆ ಹಾಗೆಯೇ ಬಿಟ್ಟ. "ಸುಳ್ಳು ಹೇಳ್ಬೇಕಿತ್ತೇನು?" ಎಂದು ಕೇಳಿದ. "ಇಲ್ಲಪ್ಪ" ಎಂದೆ.

ಸೋತು ಬಂದವನು ಬಾಟಲಿ ಬಿಡುತ್ತಾನೆ ಎಂದುಕೊಂಡಿದ್ದೆವು. ಬಿಡಲಿಲ್ಲ. ಮುಂದಿನ ಹಲಗೆ ಖಾಲಿಯಾಯಿತು, ಇಂಜಿನಿಯರ್ ಬಂದು ನೋಡಿ ಸಂತೋಷದಿಂದ ಹೋದಳು. ಆದರೆ ಬಾಟಲಿಗಳು ಒಳಗೆ, ಜೋಳದ ಚೀಲಗಳ ಹಿಂದೆ ಕೂತಿದ್ದವು. ಗೊತ್ತಿದ್ದವರು ಬಂದು ಕಣ್ಣಲ್ಲೇ ಕೇಳುತ್ತಿದ್ದರು, ಅಪ್ಪ ಒಳಗೆ ಹೋಗಿ ತರುತ್ತಿದ್ದ. ಅವ್ವ ಅವನ ಜೊತೆ ನಾಲ್ಕು ದಿನ ಮಾತು ಬಿಟ್ಟಳು. ಐದನೆಯ ದಿನ ಅವನಿಗೆ ನೆಗಡಿ ಬಂತು, ಕಷಾಯ ಮಾಡಿಕೊಡುವ ನೆಪದಲ್ಲಿ ಮಾತು ಮತ್ತೆ ಶುರುವಾಯಿತು.

ಮಾರ್ಚ್ ತಿಂಗಳ ಒಂದು ಶನಿವಾರ ನಾನು ಬಸ್ಸಿಳಿದು ಪೇಟೆಯ ಕಡೆ ಬರುತ್ತಿದ್ದೆ. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ದೂರದಿಂದಲೇ ದಾರಿ ಕಟ್ಟಿದ್ದು ಕಾಣಿಸಿತು. ಆಟೋಗಳು ಹಾರ್ನ್ ಹೊಡೆಯುತ್ತಿದ್ದವು. ಹತ್ತಿರ ಹೋದರೆ, ನಡು ಪೇಟೆಯಲ್ಲಿ ನಲವತ್ತು ಐವತ್ತು ಕುರಿಗಳು. ಅವುಗಳ ನಡುವೆ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿ ಉದ್ದದ ಕೋಲು ಹಿಡಿದು ನಿಂತವಳು ನನ್ನ ಅವ್ವ.

"ಏನವ್ವ ಇದು?"

"ಮೊದ್ಲು ಆ ಕಡಿ ನಿಂದ್ರು! ಮೆಂತ್ಯಾ ಪಲ್ಯಾ ಮಾರೋಳ ಕಡಿ ಹೊಂಟಾವ, ಅಡ್ಡ ನಿಂದ್ರು!"

ನಾನು ಚೀಲವನ್ನು ಹೆಗಲಿಗೇರಿಸಿ ಎರಡೂ ಕೈ ಚಾಚಿ ಅಡ್ಡ ನಿಂತೆ. ಕುರಿಗಳಿಗೆ ನನ್ನ ಮೇಲೆ ಯಾವ ಗೌರವವೂ ಇರಲಿಲ್ಲ. ನಾಲ್ಕಾರು ನನ್ನ ಕಾಲ ಸಂದಿಯಲ್ಲೇ ನುಗ್ಗಿ ಹೋದವು. ಪಲ್ಯ ಮಾರುವವಳು ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ನಿಂತು ಬೈಯತೊಡಗಿದಳು, ಬೈಯುತ್ತಲೇ ನಕ್ಕಳು. ಆ ಗದ್ದಲದ ನಡುವೆ ಅವ್ವ ಕೂಗಿ ಕೂಗಿ ನನಗೆ ನಡೆದದ್ದನ್ನು ಹೇಳಿದಳು.

ಹಲಬರ್ಗಾ ಕಡೆಯ ಒಬ್ಬ ಕುರಿಗಾಹಿ, ವಯಸ್ಸಾದವನು, ವರ್ಷಕ್ಕೊಮ್ಮೆ ಹಿಂಡು ಹೊಡೆದುಕೊಂಡು ನಮ್ಮ ಊರ ಮೇಲೆ ಹಾಯುತ್ತಿದ್ದ. ಹಾಯುವಾಗ ನಮ್ಮಲ್ಲಿ ಬೆಲ್ಲ, ತಂಬಾಕು ಕೊಳ್ಳುತ್ತಿದ್ದ. ಅಂದು ಬಂದವನು ನೀರು ಕೇಳಿದ. ಅಪ್ಪ ಗಿರಾಕಿಗೆ ಸಕ್ಕರೆ ತೂಗುತ್ತಿದ್ದ. "ಒಳಗ ಅದ, ತಗೋ ಕಾಕಾ" ಎಂದ. ಒಳಗೆ ಕೊಡವೂ ಇತ್ತು, ಚೀಲಗಳ ಹಿಂದೆ ಬಾಟಲಿಗಳೂ ಇದ್ದವು. ಬಿಸಿಲಿನಿಂದ ಬಂದವನಿಗೆ ಒಳಗಿನ ಕತ್ತಲೆಯಲ್ಲಿ ಕಣ್ಣು ಕಾಣಲಿಲ್ಲ. ಬಾಟಲಿ ಎತ್ತಿ ಒಂದು ಗುಟುಕು ಬಾಯಿಗೆ ಸುರಿದುಕೊಂಡ.

ಹೆಚ್ಚಿನದನ್ನು ಅಲ್ಲೇ ಉಗುಳಿದ. ಆದರೂ ಕೆಮ್ಮು ಹತ್ತಿ, ಕಣ್ಣಲ್ಲಿ ನೀರು ಬಂದು, ಗೋಡೆ ಹಿಡಿದು ಕುಸಿದ. ಅಪ್ಪ ತಕ್ಕಡಿ ಬಿಟ್ಟು ಓಡಿ, ಅವನನ್ನು ಎತ್ತಿ, ಪಕ್ಕದ ಅಂಗಡಿಯವನ ಸಹಾಯದಿಂದ ಗಾಡಿಯ ಮೇಲೆ ನಡುವೆ ಕೂರಿಸಿಕೊಂಡು ದವಾಖಾನೆಗೆ ಹೋಗಿದ್ದ. ಹೋಗುವಾಗ ಕುರಿಗಾಹಿ ಕೆಮ್ಮುತ್ತಲೇ ಕುರಿಗಳ ಕಡೆ ಕೈ ಮಾಡಿದ. ಅವ್ವ ಅವನ ಕೋಲು ಎತ್ತಿಕೊಂಡಳು.

ಕುರಿಗಳನ್ನು ಹೇಗೋ ಬಯಲಿಗೆ ದಾಟಿಸಿ, ಅಷ್ಟರಲ್ಲಿ ದವಾಖಾನೆಯಿಂದ ಮರಳಿದ ಪಕ್ಕದ ಅಂಗಡಿಯವನನ್ನು ಅವ್ವನ ಜೊತೆಗೆ ಬಿಟ್ಟು, ನಾನು ದವಾಖಾನೆಗೆ ಓಡಿದೆ. ಕುರಿಗಾಹಿ ಹಾಸಿಗೆಯ ಮೇಲೆ ಒರಗಿ ಕೂತಿದ್ದ. ಎದೆ ಪರೀಕ್ಷೆ ಮಾಡಿದ ವೈದ್ಯೆ, ಹೊಟ್ಟೆಗೆ ಬಹಳ ಹೋಗಿಲ್ಲ, ವಾಂತಿ ಮಾಡಿಸದೆ ಕರೆತಂದದ್ದು ಒಳ್ಳೆಯದಾಯಿತು, ಆದರೂ ಸಂಜೆಯವರೆಗೆ ಇರಲಿ ಎಂದಿದ್ದರು. ಅಪ್ಪ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತು ಆ ಮುದುಕನ ಕೈ ಹಿಡಿದುಕೊಂಡಿದ್ದ.

"ನನ್ನ ಕುರಿ?" ಎಂದ ಮುದುಕ ನನ್ನನ್ನು ನೋಡಿ.

"ಅವ್ವ ನೋಡ್ಲಕತ್ತಾಳರಿ."

"ಆಕಿಗಿ ಕುರಿ ಕಾಯ್ದು ರೂಢಿ ಅದೇನು?"

ಉತ್ತರ ಕೊಟ್ಟವನು ಅಪ್ಪ: "ಇಷ್ಟು ವರ್ಷ ನನಗ ಕಾಯ್ದಾಳ ಕಾಕಾ. ಕುರಿ ಏನು ಮಹಾ?"

ಮುದುಕ ನಕ್ಕ. ನಕ್ಕಿದ್ದಕ್ಕೆ ಮತ್ತೆ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ, "ಇನ್ನ ನನಗ ಕೋಲು ಯಾಕ? ಪೆಟ್ರೋಲ್ ಕುಡ್ದೀನಿ, ಕುರಿಗಿಂತ ಮುಂದ ಓಡ್ತೇನಿ" ಎಂದ. ಅಪ್ಪನಿಗೆ ನಗು ಬರಲಿಲ್ಲ. ಎದ್ದು ವರಾಂಡಕ್ಕೆ ಬಂದ. ನಾನೂ ಹಿಂದೆ ಬಂದೆ.

"ಹೊರಗ ಹಲಗಿ ಮ್ಯಾಲ ಇದ್ದಾಗ ಅದು ಪೆಟ್ರೋಲ್ ಅಂತ ಎಲ್ರಿಗೂ ಗೊತ್ತಿತ್ತು" ಎಂದ. "ಸಿಟ್ಟಿಗಿ ಬಿದ್ದು ಮುಚ್ಚಿಟ್ಟೆ. ಅಂಗನವಾಡಿ ಕೂಸೊಂದು ಒಳಗ ಬಂದಿದ್ರ?"

ನಾನು ಹೇಳಬೇಕಾದದ್ದನ್ನೆಲ್ಲ ಅವನೇ ಹೇಳಿಕೊಳ್ಳುತ್ತಿದ್ದ.

ಸಂಜೆ ಮುದುಕನನ್ನು ಕರೆತಂದು, ರೊಟ್ಟಿ, ಬೇಳೆ ಉಣ್ಣಿಸಿ, ಎರಡು ದಿನ ನಮ್ಮ ಮನೆಯಲ್ಲೇ ಇರಿಸಿಕೊಂಡೆವು. ಕುರಿಗಳು ನಮ್ಮ ಹಿತ್ತಲಿನ ಬೇಲಿಯನ್ನು ಪೂರ್ತಿ ತಿಂದು ಮುಗಿಸಿದವು. ಹೊರಡುವ ದಿನ ಅವನು ಅವ್ವನಿಗೆ ತನ್ನ ಕಂಬಳಿ ಕೊಡಲು ಬಂದ. ಅವ್ವ ಬೇಡವೆಂದಳು. ಅವನು ಕೇಳಲಿಲ್ಲ. "ನಡು ಪ್ಯಾಟ್ಯಾಗ ಒಂದೂ ಕುರಿ ಕಳಕೊಳ್ದಾಕಿ. ನಮ್ಮ ಮಂದಿಯಾಗೂ ಇಂಥಾಕಿ ಸಿಗಲ್ಲ" ಎಂದು ಹೊದಿಸಿಯೇ ಹೋದ.

ಅವತ್ತೇ ಅಪ್ಪ ಚೀಲಗಳನ್ನು ಸರಿಸಿ ಬಾಟಲಿಗಳನ್ನೆಲ್ಲ ಹೊರಗೆ ತಂದ. ಉಳಿದ ಪೆಟ್ರೋಲನ್ನು ತನ್ನ ಗಾಡಿಗೂ ಅಕ್ಕಪಕ್ಕದವರ ಗಾಡಿಗಳಿಗೂ ಸುರಿದ. ಖಾಲಿ ಬಾಟಲಿಗಳನ್ನು ಮತ್ತೆ ಯಾರೂ ನೀರಿಗೆ ಬಳಸದಂತೆ ಕತ್ತರಿಸಿದ. ಆಮೇಲೆ ಪಟ್ಟಣದ ಕಚೇರಿಗೆ ಹೋದ. ನಾನು ಆ ದಿನ ಭಾಲ್ಕಿಯಲ್ಲಿದ್ದೆ. ನಡೆದದ್ದನ್ನು ಆಮೇಲೆ ಅಪ್ಪನೂ ಆ ಇಂಜಿನಿಯರೂ ಬೇರೆಬೇರೆಯಾಗಿ ಹೇಳಿದರು, ಕಥೆ ಹೆಚ್ಚುಕಡಿಮೆ ಒಂದೇ ಆಗಿತ್ತು.

ಅಪ್ಪ ಈ ಸಲವೂ ಕೂರಲಿಲ್ಲವಂತೆ. "ಮೇಡಂ, ತಪ್ಪಾಗ್ಯಾದ" ಎಂದು ಚೀಲಗಳ ಹಿಂದಿನ ಬಾಟಲಿಯಿಂದ ಕುರಿಗಾಹಿಯ ಕಂಬಳಿಯವರೆಗೆ ಎಲ್ಲ ಹೇಳಿ, "ದಂಡ ಇದ್ರ ಹೇಳ್ರಿ" ಎಂದನಂತೆ. ಆಕೆ ಎದ್ದು ಕಪಾಟಿನಿಂದ ಒಂದು ದೊಡ್ಡ ಹಾಳೆಯನ್ನು ತೆಗೆದು ಮೇಜಿನ ಮೇಲೆ ಹಾಸಿದಳು.

"ಮೊದಲ ಸಲ ಬಂದಾಗಲೇ ಇದನ್ನು ನಿಮಗೆ ತೋರಿಸಬೇಕಿತ್ತು. ನೀವು ನಿಲ್ಲಲೇ ಇಲ್ಲ."

ಔರಾದದ ನಕ್ಷೆ ಅದು. ಮನೆಗಳಿರುವ ಜಾಗಕ್ಕೆ ಹಳದಿ, ಅಂಗಡಿಗಳಿರುವ ಜಾಗಕ್ಕೆ ನೀಲಿ. ಆಕೆ ಬಸ್ ನಿಲ್ದಾಣದ ಮೇಲೆ ಬೆರಳಿಟ್ಟು, ದಾರಿಗುಂಟ ಸರಿಸಿ, ದಾರಿ ಕಿರಿದಾಗುವಲ್ಲಿ ನಿಲ್ಲಿಸಿದಳು. ಒಂದು ಸಣ್ಣ ಚೌಕ.

"ಇದು ನಿಮ್ಮ ಅಂಗಡಿ."

ಅಪ್ಪ ಆಗ ಕೂತನಂತೆ. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, ಆ ಚೌಕವನ್ನೇ ನೋಡಿದನಂತೆ.

"ಸರಕಾರದ ಕಾಗದದಾಗ ಅದ?"

"ಇದೆ."

"ನಡು ಊರಾಗ?"

"ನಡು ಊರಲ್ಲೇ. ಇದನ್ನು ಯಾರೂ ಹೊರಗೆ ಹಾಕೋಕ್ಕಾಗಲ್ಲ."

ದಂಡದ ಮಾತನ್ನು ಆಕೆ ಎತ್ತಲಿಲ್ಲ. ಅಪ್ಪ ಮಾತ್ರ ಒಂದು ಅರ್ಜಿ ಕೊಟ್ಟ: ನಕ್ಷೆಯ ಒಂದು ಪ್ರತಿ ಬೇಕು. ನಿಯಮದ ಪ್ರಕಾರ ಸಿಗುವುದಾದರೆ ಕೊಡಿ, ಇಲ್ಲದಿದ್ದರೆ ಬೇಡ. ಸಿಗುತ್ತಿತ್ತು, ಸಿಕ್ಕಿತು. ಮುಂದಿನ ಶನಿವಾರ ನಾನು ಬಂದಾಗ ಅಂಗಡಿಯ ಗೋಡೆಯ ಮೇಲೆ, ಬುದ್ಧನ ಪಟದ ಕೆಳಗೆ, ಗಾಜು ಹಾಕಿಸಿದ ನಕ್ಷೆ ತೂಗುತ್ತಿತ್ತು. ಬಂದ ಗಿರಾಕಿಗಳಿಗೆಲ್ಲ ಅವರವರ ಓಣಿ ತೋರಿಸುವುದು ಅಪ್ಪನ ಹೊಸ ಕೆಲಸವಾಗಿತ್ತು. "ನಿಂದು ಹಳದಿ. ಹಳದ್ಯಾಗ ಗಿರಣಿ ಹಾಕ್ತೀನಂದ್ರ ಬಿಡಲ್ಲ, ಮೊದ್ಲು ಕೇಳ್ಕೊ" ಎಂದು ಜನರಿಗೆ ಬುದ್ಧಿ ಹೇಳುತ್ತಿದ್ದ. ಅವ್ವ ಬೇಳೆ ಆರಿಸುತ್ತ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು.

ಆದರೆ ದಾರಿಯಲ್ಲಿ ನಿಂತ ಗಾಡಿಗಳೇನು ಕಡಿಮೆಯಾಗಲಿಲ್ಲ. ಹಳ್ಳಿಯವರು ಹಳೆಯ ರೂಢಿಯಂತೆ ಗಾಡಿ ತಳ್ಳಿಕೊಂಡು ಅಂಗಡಿಗೇ ಬರುತ್ತಿದ್ದರು. ಇಲ್ಲ ಎಂದು ಕಳಿಸಲು ಅಪ್ಪನಿಗೆ ನಾಲಿಗೆ ಹೊರಳುತ್ತಿರಲಿಲ್ಲ. ಒಂದು ವಾರ ಚಡಪಡಿಸಿದ. ಆಮೇಲೆ ತನ್ನದೇ ದಾರಿ ಕಂಡುಕೊಂಡ. ನಿಂತ ಗಾಡಿಯ ಮೇಲೆ ಅದರ ಮಾಲೀಕನನ್ನು ಕೂರಿಸಿ, ತಾನು ತನ್ನ ಗಾಡಿಯಲ್ಲಿ ಹಿಂದೆ ಹೋಗಿ, ಒಂದು ಕಾಲು ಚಾಚಿ ಅವನ ಗಾಡಿಯ ಪೆಡಲಿಗೆ ಒತ್ತಿ, ಪಂಪಿನವರೆಗೂ ತಳ್ಳಿಕೊಂಡು ಹೋಗುವುದು. ಕಾಲೇಜು ಹುಡುಗರು ಮಾಡುವ ಕೆಲಸ. ಅಪ್ಪ ಅರವತ್ತು ದಾಟಿದವನು, ಧೋತರ ಉಡುವವನು. ಮೊದಲ ಸಲ ನೋಡಿದಾಗ ಅವ್ವ ಕಿರುಚಿದಳು. ಊರಿನವರು ಚಪ್ಪಾಳೆ ತಟ್ಟಿದರು.

"ಇದು ಯಾವ ವಲಯದಾಗ ಬರ್ತದ ಅಂತ ನಿಮ್ಮ ಮೇಡಂಗ ಕೇಳಿರೇನು?" ಎಂದು ಅವ್ವ ಜೋರು ಮಾಡಿದಾಗ ಅವನು ನಕ್ಕ. ನಾನು ಹೇಳಿದೆನಲ್ಲ, ನಕ್ಕರೆ ಮುಗಿಯಿತು.

ಆ ಇಂಜಿನಿಯರಿಗೆ ಈಗ ಭಾಲ್ಕಿಗೆ ವರ್ಗವಾಗಿದೆ. ಈಚೆಗೆ ಸಂತೆಯಲ್ಲಿ ಬದನೆಕಾಯಿ ಆರಿಸುವಾಗ ಸಿಕ್ಕಳು. ನಮ್ಮ ಕಡೆಯ ಮಾತು ಸ್ವಲ್ಪ ಅಂಟಿದೆ, "ಅಪ್ಪಾಜಿ ಹ್ಯಾಂಗ ಅದಾರ್ರಿ?" ಎಂದಳು. ನಾನು ಕಾಲಿನಿಂದ ಗಾಡಿ ತಳ್ಳುವ ಸುದ್ದಿ ಹೇಳಿದೆ. ಆಕೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕು, ಆಮೇಲೆ ಗಂಭೀರವಾಗಿ, "ಹೆಲ್ಮೆಟ್ ಹಾಕ್ಕೊಳ್ಳೋಕೆ ಹೇಳಿ. ನಾನು ಹೇಳಿದೆ ಅಂತ ಹೇಳಿ" ಎಂದಳು.

ಹೇಳಿದೆ. ನಾನು ಹೇಳಿದ್ದರೆ ಕೇಳುತ್ತಿರಲಿಲ್ಲ, ಅವಳು ಹೇಳಿದ್ದಕ್ಕೆ ಮರುದಿನವೇ ಬೀದರಿನಿಂದ ತರಿಸಿದ. ಕಳೆದ ಭಾನುವಾರ ಯಾರೋ ಗಂಡ ಹೆಂಡತಿ ಗಾಡಿ ತಳ್ಳಿಕೊಂಡು ಬಂದರು. ಅಪ್ಪ ಹೆಲ್ಮೆಟ್ ಏರಿಸಿ, ಧೋತರದ ಚುಂಗು ಬಿಗಿಮಾಡಿ ಹೊರಟ. ಅವ್ವ ಆ ಹೆಂಡತಿಯನ್ನು ಕಟ್ಟೆಯ ಮೇಲೆ ಕೂರಿಸಿ ಚಹಾ ಮಾಡಲು ಒಳಗೆ ಹೋದಳು. ಗಲ್ಲಾಪೆಟ್ಟಿಗೆಯ ಮುಂದೆ ನಾನು ಕೂತೆ. ಒಬ್ಬರು ಬಂದು ಅಜವಾನ, ಅಂದರೆ ಓಂಕಾಳು, ಕೇಳಿದರು. ಎಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ಡಬ್ಬಿಗಳನ್ನು ಒಂದೊಂದಾಗಿ ತೆರೆದು ಮೂಸಿ ನೋಡತೊಡಗಿದೆ. ಚಹಾಪುಡಿಯ ಡಬ್ಬಿಯಲ್ಲಿ ಈಗ ಚಹಾಪುಡಿಯ ವಾಸನೆಯಷ್ಟೇ ಇತ್ತು.